ದೊಣ್ಣೆನಾಯಕಿ

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ
ಅನ್ನುತ್ತೇವೆ, ಅಂದು ಮಾತು ಮುಗಿಸುತ್ತೇವೆ.
ಕೊಲೊರಾಡೋದ ತೆಂಕಣ ಮೂಲೆಯಲ್ಲಿ
ಏಳೂವರೆ ಸಾವಿರ ಅಡಿ ಮೇಲೆ
ಮಾತು ಶುರುವಾಗುವುದೇ ಅಲ್ಲಿಂದ.
ಅಪ್ಪಣೆ ಬೇಕು.
ಕೊಡುವವಳ ಹೆಸರು ಒರಾಲಿಯಾ ವಿಗಿಲ್.

ದೊಣ್ಣೆಯಿಲ್ಲ. ಒಂದು ಸಲಿಕೆ,
ಸೊಂಟಕ್ಕೆ ಬೀಗದಕೈ ಗೊಂಚಲು,
ಒಂದು ಬಾಗಿಲಷ್ಟೇ ತೆರೆಯುವ ಪಿಕಪ್ಪು,
ಮಂಡಿಯ ಮೇಲೆ ಇಸವಿಗಳ ಪುಸ್ತಕ.
ಇಲ್ಲಿ ನೀರು ಕೇಳುವುದು
ನಿನ್ನ ಹೊಲ ಎಷ್ಟು ಒಣಗಿದೆ ಅಂತಲ್ಲ,
ನಿನ್ನ ತೂಬು ಎಷ್ಟು ಹಳೆಯದು ಅಂತ.
೧೮೮೭ ಉಂಡು ಕೈ ತೊಳೆದ ಮೇಲೆ ೧೮೯೪ಕ್ಕೆ ಎಲೆ,
೧೮೯೪ ತೇಗಿದ ಮೇಲೆ ೧೯೧೧,
ಪಾತ್ರೆಯ ತಳದಲ್ಲಿ ಏನಾದರೂ ಉಳಿದಿದ್ದರೆ.
(ಎಲ್ಲರಿಗಿಂತ ಮೊದಲು ಬಂದವರು
ಅಗೆಯಲಿಲ್ಲ, ಬಾಗಿ ಬೊಗಸೆಯಲ್ಲಿ ಕುಡಿದರು.
ಬೊಗಸೆಗೆ ಈ ಪುಸ್ತಕದಲ್ಲಿ ಇಸವಿಯಿಲ್ಲ.)

೧೮೮೭ರ ಒಡತಿ ವರ್ನಾ ಟಿಬೆಟ್ಸ್
ಪೇಟೆಯಲ್ಲಿ ಬೌಲಿಂಗ್ ಹಾಲ್ ನಡೆಸುತ್ತಾಳೆ.
ಹೊಲದಲ್ಲಿ ಕುದುರೆಮಸಾಲೆ ಸೊಪ್ಪು ಬೆಳೆದು
ಹನ್ನೆರಡು ವರ್ಷ. ಆದರೂ ಪ್ರತಿ ಜುಲೈ ಫೋನು:
‘ಬಿಡು ಒರಾಲಿಯಾ, ನಾಲ್ಕು ದಿನ ಬಿಡು.’
ಹತ್ತು ವರ್ಷ ಮುಟ್ಟದ ನೀರು ಬಿಟ್ಟುಕೊಟ್ಟ ನೀರು,
ಕಾನೂನು ಹಾಗೆ.
ಉಳಿಸಿದವನು ಕಳೆದುಕೊಳ್ಳುತ್ತಾನೆ,
ಚೆಲ್ಲಿದವನದು ಭದ್ರ.
ಅದಕ್ಕೇ ಅವಳು ತೂಬೆತ್ತುತ್ತಾಳೆ. ಆಳೆತ್ತರದ ಮುಳ್ಳುಗಿಡ
ಮದುವೆಮನೆಯ ದೂರದ ನೆಂಟನ ಹಾಗೆ
ಸಂಕೋಚವಿಲ್ಲದೆ ಕುಡಿಯುತ್ತದೆ.
‘ಉಪಯೋಗ’ ಎಂಬ ಕಾಲಮ್ಮಿನಲ್ಲಿ ಬರೆಯುತ್ತಾಳೆ: ಹುಲ್ಲು.
ಮುಳ್ಳು ಅಂತ ಬರೆಯುವಂತಿಲ್ಲ.

ಮೂರು ಮೈಲಿ ಕೆಳಗೆ ಹೊಳೆ ಅಂದರೆ
ಬಿಳಿ ಕಲ್ಲುಗಳ ಸಾಲು. ನಡುನಡುವೆ ಗುಂಡಿ,
ಗುಂಡಿಯೊಳಗೆ ಟ್ರೌಟ್ ಮೀನು
ಬಾಯಿ ತೆರೆದು, ಮುಚ್ಚಿ, ತೆರೆದು.

ಮಾರ್ಚ್‌ನಲ್ಲಿ ರಾಜಧಾನಿಯಿಂದ ಒಬ್ಬ ಬಂದ,
ಬಿಳಿ ಪರದೆ, ಬಣ್ಣದ ಬಾಣಗಳು.
ಮೀಟರು ಕೂರಿಸಬಹುದು, ದರ ಹಾಕಬಹುದು,
ಸರ್ಕಾರವೇ ಕೊಂಡು ಇಸವಿಯನ್ನು ಹೂಳಬಹುದು,
ಇಲ್ಲವೇ ಐದು ವರ್ಷ ಹೊಳೆಗೇ ಕಡ ಕೊಡಿ:
ಹಕ್ಕು ನಿಮ್ಮದೇ, ನೀರು ಮಾತ್ರ ತನ್ನ ದಾರಿ ಹಿಡಿಯಲಿ.
ಕಾಫಿ ಆರುತ್ತಿತ್ತು. ಹಿಂದಿನ ಬೆಂಚಿನಿಂದ ಯಾರೋ:
‘ಮೀನಿನ ಇಸವಿ ಯಾವುದು ಸ್ವಾಮಿ?’
ಎಲ್ಲ ನಕ್ಕರು. ಅವನೊಬ್ಬ
ಕಾಗದ ತಿರುವಿ ನಿಜಕ್ಕೂ ಹುಡುಕಿದ.

ವರ್ನಾ ರುಜು ಹಾಕಿದಳು.
ಬೌಲಿಂಗ್ ಹಾಲಿನ ಚಾವಣಿ ಸೋರುತ್ತಿತ್ತು.

ಈ ಜುಲೈ ಫೋನು ಬರಲಿಲ್ಲ.
ಆದರೂ ಹೋದಳು ಒರಾಲಿಯಾ, ಅಭ್ಯಾಸ;
ಮುಚ್ಚಿದ ತೂಬಿನೆದುರು ಕೈ ಎಲ್ಲಿಡುವುದು ತಿಳಿಯದೆ ನಿಂತಳು.
ನೀರು ಅವಳ ಮುಖ ನೋಡದೆ ದಾಟಿತು.
ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಿಂದೆ ಹೋದಂತೆ
ದಂಡೆಗುಂಟ ಹಿಂಬಾಲಿಸಿದಳು.
೧೯೧೧ರ ತೂಬಿನ ಹತ್ತಿರ ನೀರು ಬಡವಾಯಿತು:
ಬಾಗಿಲ ಅಡಿಗೆ ಸಿಕ್ಕಿಸಿದ ಹಲಗೆ,
ಗಾರ್ತ್ ಯೋಡರನ ಬಾರ್ಲಿಯತ್ತ ಗುಟ್ಟಿನ ಕವಲು.

ಅವನು ಅಲ್ಲೇ ಇದ್ದ. ಓಡಲಿಲ್ಲ.
‘ಇಷ್ಟು ವರ್ಷ ಮುಳ್ಳಿಗೆ ಹೋಯಿತು, ಸುಮ್ಮನಿದ್ದೆ.
ಈಗ ಮೀನಿಗೆ.
ನನ್ನ ಸರದಿ ಯಾವತ್ತು, ನಿನ್ನ ಪುಸ್ತಕ ನೋಡಿ ಹೇಳು.’

ಅವಳು ಪುಸ್ತಕ ನೋಡಲಿಲ್ಲ,
ಅದರಲ್ಲಿ ಏನಿದೆ ಇಬ್ಬರಿಗೂ ಗೊತ್ತು.
ಮೊಣಕಾಲ ತನಕ ಇಳಿದು ಹಲಗೆ ಕಿತ್ತಳು.
ಒಳ್ಳೆಯ ಹಲಗೆ, ಹೊಸ ಪೈನ್ ಮರದ್ದು.
ಅವನ ಕೈಗೇ ಕೊಟ್ಟಳು. ಅವನು ಇಸಿದುಕೊಂಡ.

ರಾತ್ರಿ, ೧೮೮೭ರ ಸಾಲು. ‘ಉಪಯೋಗ’:
ಹುಲ್ಲು ಅಂತ ಬರೆಯಹೋಗಿ ತಡೆದಳು,
ಪೆನ್ನಿನ ಮುಚ್ಚಳ ಕಚ್ಚಿದಳು,
‘ಹರಿಯಿತು’ ಅಂತ ಬರೆದಳು.
ಕೆಳಗೆ ೧೯೧೧. ಅಲ್ಲಿ ಬರೆಯಲು ಏನೂ ತೋಚದೆ
ದೀಪ ಆರಿಸದೆ ಬಹಳ ಹೊತ್ತು ಕೂತಿದ್ದಳು.
ಮೊಣಕಾಲಿನಿಂದ ಕೆಳಗೆ ಪ್ಯಾಂಟು
ಇನ್ನೂ ಒದ್ದೆ.